ಹದಿನೆಂಟು ನಿಮಿಷದ ಲೆಕ್ಕ

ಸಿರುಗುಪ್ಪದಾಚೆ, ಕಾಲುವೆ ನೀರು ಹೆಚ್ಚಾಗಿ
ಉಪ್ಪು ಮೇಲೆದ್ದ ನೆಲ.
ಭತ್ತ ಒಲ್ಲೆ ಅಂತು, ಜೋಳ ಒಲ್ಲೆ ಅಂತು,
ಜಾಲಿ ಕೂಡ ಕುಂಟುತ್ತ ಬೆಳೆಯಿತು.
ಮುನ್ನೂರು ಹೆಜ್ಜೆ ಉದ್ದಕ್ಕೆ ರೋಲರ್ ಹೊಡೆಸಿದ್ದೇನೆ.
ಗಾದಿಲಿಂಗಪ್ಪನಿಗೆ ವರ್ಷಕ್ಕೆ ಎರಡು ಚೀಲ ಅಕ್ಕಿ.
ಅವನಿಗೆ ನಗು: ಚೌಳಿಗೂ ಗುತ್ತಿಗೆ ಬಂತಲ್ಲಪೋ!

ಉಳಿದ ದಿನ ನಾನು ಭತ್ತ ಕೊಯ್ಯುವ ಯಂತ್ರಗಳ ವೈದ್ಯ.
ಬೆಲ್ಟು, ಬೇರಿಂಗು, ಹರಿದ ಚೈನು.
ಅವು ನಿಂತರೆ ನಿಲ್ಲುತ್ತವೆ, ಅಷ್ಟೇ.
ಮಾಲೀಕ ಬೈಯುತ್ತಾನೆ, ಚಹಾ ತರಿಸುತ್ತಾನೆ.
ಇದು ನಿಂತರೆ
ಬೈಯುವುದಕ್ಕೂ ಯಾರಿಲ್ಲ ಮೇಲೆ.

ಅದಕ್ಕೇ ನಸುಕಿನಲ್ಲಿ ಬ್ಯಾಟರಿ ಹಿಡಿದು ಮೈ ಸವರುತ್ತೇನೆ.
ಪ್ರತಿ ನಟ್ಟಿನ ಹಣೆಗೊಂದು ಕೆಂಪು ಗೆರೆ,
ಗೆರೆ ಗೆರೆಗೆ ಕೂಡಿದೆಯೋ, ಸರಿದಿದೆಯೋ.
ಪ್ಲಗ್ಗಿನ ತುದಿ ಬೆಲ್ಲದ ಬಣ್ಣವಿದ್ದರೆ ಸರಿ,
ಸುಣ್ಣದಂತಿದ್ದರೆ ಎಂಜಿನ್ನಿಗೆ ಹಸಿವು,
ಕಾಡಿಗೆಯಾದರೆ ಅಜೀರ್ಣ.
ಪೆಟ್ರೋಲನ್ನು ಎರಡು ಸಲ ಸೋಸುತ್ತೇನೆ,
ಹೆಂಡತಿ ಹಾಲನ್ನೂ ಹೀಗೆ ಸೋಸುವುದಿಲ್ಲ.
ಅಕ್ಕಿ ಮಿಲ್ಲಿನವರು ಕೊಟ್ಟ ಡೈರಿಯಲ್ಲಿ ಬರೆಯುತ್ತೇನೆ:
ಹಾರಾಟ, ಹದಿನೆಂಟು ನಿಮಿಷ.
ಕೆಲಸ, ಐದು ತಾಸು.

ರೆಕ್ಕೆಯ ಬಟ್ಟೆ ಹೊಲಿದದ್ದು ಹುಸೇನ್‌ಬಿ,
ಬಳ್ಳಾರಿಯ ಕೌಲ್ ಬಜಾರಿನಲ್ಲಿ
ಇಪ್ಪತ್ತೆರಡು ವರ್ಷ ಜೀನ್ಸಿನ ಕಾಲು ಕೂಡಿಸಿದಾಕೆ.
ಯಾವ ಮಷೀನಿಗೂ ಬಗ್ಗದ ಬಟ್ಟೆ
ಅವಳ ಜೋಡಿಸೂಜಿಗೆ ಬಗ್ಗಿತು.
"ಪ್ಯಾಂಟ್ ಹರಿದ್ರೆ ಮಾನ ಹೋಗ್ತದ,
ಇದು ಹರಿದ್ರೆ?" ಅಂದಳು.
ಉತ್ತರಕ್ಕೆ ಕಾಯದೆ
ಇನ್ನೊಂದು ಸಾಲು ಹೊಡೆದಳು.

ಮೂರು ತಿಂಗಳಿಗೊಮ್ಮೆ ಬಸ್ಸಿಗೆ ಬರುತ್ತಾಳೆ,
ಕನ್ನಡಕದ ಮೇಲೆ ಇನ್ನೊಂದು ಕನ್ನಡಕ,
ಚೀಲದಲ್ಲಿ ಹುಣಸೆಹಣ್ಣು ತೂಗುವ ಕೊಕ್ಕೆ ತಕ್ಕಡಿ.
ದಾರವನ್ನು ಬಿಸಿಲು ತಿನ್ನುತ್ತದೆ,
ತಿಂದದ್ದು ಹೊರಗೆ ಕಾಣದಂತೆ ತಿನ್ನುತ್ತದೆ
ಎಂದು ನನಗೆ ಕಲಿಸಿದವಳು ಅವಳು.
ಹೊಲಿಗೆಯೊಂದಕ್ಕೆ ಕೊಕ್ಕೆ ಸಿಕ್ಕಿಸಿ ಎಳೆಯುತ್ತಾಳೆ.
ಮುಳ್ಳು ಐದು ಕಿಲೋ ದಾಟುವವರೆಗೆ
ಇಬ್ಬರೂ ಉಸಿರು ಬಿಡುವುದಿಲ್ಲ.

ಯುಗಾದಿ ಕಳೆದ ಭಾನುವಾರ, ಎಡರೆಕ್ಕೆಯ ತುದಿ,
ಮೂರೂವರೆಗೇ ಟಕ್ ಅಂದಿತು.
ಗಾಳಿ ಇನ್ನೂ ಎದ್ದಿರಲಿಲ್ಲ. ಟ್ಯಾಂಕು ತುಂಬಿತ್ತು.
ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ
ಹಾದಿ ಹುಡುಕುವುದನ್ನು ನೋಡಬೇಕಿತ್ತು ನಾನು,
ಮಿಲ್ಲಿನ ಹೊಗೆ ಯಾವ ಕಡೆ ವಾಲಿದೆ ಎಂದು ಕೇಳಿ
ಅದರ ಮಾತಿನಂತೆ ತಿರುಗಬೇಕಿತ್ತು.
ಒಂದೇ ಸುತ್ತು, ಅಂದೆ.
ತುದಿಯ ಹೊಲಿಗೆ ತಾನೇ, ಅಂದೆ.
ಅವಳು ಮಾತಾಡಲಿಲ್ಲ.
ತುಂಡಾದ ದಾರವನ್ನು ನನ್ನ ಅಂಗೈಯಲ್ಲಿಟ್ಟು
ಮುಚ್ಚಿದಳು.
ಬೆರಳು ತೆರೆದಾಗ ಅದು ಹಿಟ್ಟಾಗಿತ್ತು.

ಬಟ್ಟೆ ಬಿಚ್ಚಿದೆವು. ಎರಡೂ ರೆಕ್ಕೆ, ಪೂರ್ತಿ.
ಅಲ್ಯೂಮಿನಿಯಂ ಎಲುಬು ಬಿಸಿಲಿಗೆ ಮಿನುಗುತ್ತ ನಿಂತಿತು,
ತಿಂದು ಬಿಟ್ಟ ಮೀನಿನ ಹಾಗೆ.

ಹೊಸ ದಾರದಲ್ಲಿ ಹೊಲಿದು ಏರಿಸುವಷ್ಟರಲ್ಲಿ ಆಷಾಢ.
ಪಡುವಣ ಗಾಳಿ ತಗಡಿನ ಬಾಗಿಲನ್ನು
ಸಾಲಗಾರನ ಹಾಗೆ ಬಡಿಯುತ್ತಿತ್ತು.
ಇವತ್ತು ಹಾರೋದಿಲ್ಲ ಅಂದೆ. ಮೂರು ಕಡೆ ಹಗ್ಗ ಬಿಗಿದೆ.
"ಕೂಡ್ಲಾ?" ಅಂದಳು.
ಇರುವುದು ಒಂದೇ ಸೀಟು. ಬುರ್ಖಾ ಮಡಚಿ ತೊಡೆಗಿಟ್ಟು
ಕೂತಳು, ಬಸ್ಸಿನಲ್ಲಿ ಕೂರುವಂತೆ, ಸ್ವಲ್ಪ ಅಂಚಿಗೆ.
ಕೋಲು ಹಿಂದಕ್ಕೆಳಿ, ಮೆಲ್ಲಗೆ, ಅಂದೆ.

ಎಂಜಿನ್ನು ತಣ್ಣಗಿತ್ತು.
ಗಾಳಿ ಬಂತು, ಬಟ್ಟೆ ಹೊಟ್ಟೆ ತುಂಬಿಕೊಂಡಿತು,
ಹೊಲಿಗೆ ಹೊಲಿಗೆಯೂ ಒಟ್ಟಿಗೆ ಬಿಗಿಯಾದ ಸದ್ದು,
ಮುಂದಿನ ಗಾಲಿ ನೆಲ ಬಿಟ್ಟಿತು.
ಅವಳು ಕಿರುಚಲಿಲ್ಲ, ನಗಲಿಲ್ಲ.
ತಲೆಯೆತ್ತಿ ತನ್ನ ಸಾಲುಗಳನ್ನೇ ನೋಡುತ್ತಿದ್ದಳು,
ತುಟಿಯಲ್ಲಿ ಎಣಿಸುತ್ತ.

ಡೈರಿಯಲ್ಲಿ ಏನು ಬರೆಯಲಿ?
ಎಂಜಿನ್, ಸೊನ್ನೆ.
ಎತ್ತರ, ನಾಲ್ಕು ಬೆರಳು.
ಚಾಲಕರು, ಹುಸೇನ್‌ಬಿ.
ಎಡಗಡೆಯ ಹಗ್ಗ ಸವೆದಿದೆ, ಬದಲಿಸಬೇಕು.